ಡೆತ್ ವ್ಯಾಲಿಯ ನಡೆಯುವ ಕಲ್ಲು ನೋಡೋಕೆ ಹೊರಟಿದ್ದೀರಾ? ಮೊದಲು ಟೈರ್ ನೋಡಿಕೊಳ್ಳಿ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಹೋದವರಲ್ಲಿ ಜಾಸ್ತಿ ಜನ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲು, ಮರಳು ದಿಬ್ಬ ನೋಡಿ ವಾಪಸ್ ಬಂದುಬಿಡ್ತಾರೆ. ತಾವಾಗಿಯೇ ಜರುಗುವ ಕಲ್ಲುಗಳು ಇರೋದು ಅಲ್ಲಲ್ಲ, ರೇಸ್‌ಟ್ರ್ಯಾಕ್ ಪ್ಲಾಯಾ ಅನ್ನೋ ಒಣಗಿದ ಕೆರೆಯಂಗಳದಲ್ಲಿ. ಹೋದ ಮಾರ್ಚ್‌ನಲ್ಲಿ ನಾನು, ನಮ್ಮ ಯಜಮಾನರು, ಚಳ್ಳಕೆರೆಯಿಂದ ಬಂದಿದ್ದ ನಮ್ಮ ಮಾವ ಮೂವರೂ ಹೋಗಿ ಬಂದೆವು. ಹೋಗಲೇಬೇಕಾದ ಜಾಗ. ಆದರೆ ತಯಾರಿ ಇಲ್ಲದೆ ಹೋಗಬೇಡಿ.

ಮೊದಲು ರಸ್ತೆ. ಯೂಬಿಹೀಬಿ ಕ್ರೇಟರ್ ಅನ್ನೋ ಜ್ವಾಲಾಮುಖಿ ಕುಳಿಯ ತನಕ ಒಳ್ಳೆ ಟಾರ್ ರಸ್ತೆ ಇದೆ. ಅಲ್ಲಿಂದ ಮುಂದೆ ಸುಮಾರು 27 ಮೈಲಿ, ಅಂದರೆ 43 ಕಿಲೋಮೀಟರ್, ಬರೀ ಜಲ್ಲಿ. ಸಿಮೆಂಟ್ ಶೀಟಿನ ಹಾಗೆ ರಸ್ತೆಯುದ್ದಕ್ಕೂ ಅಡ್ಡಡ್ಡ ಏರಿಳಿತ, ಜೊತೆಗೆ ಚೂಪು ಕಲ್ಲು. ಕಾರು ಬೇಡವೇ ಬೇಡ, ನೆಲದಿಂದ ಎತ್ತರ ಇರುವ ಗಾಡಿ, ಗಟ್ಟಿ ಟೈರ್ ಬೇಕು. ಕಣಿವೆಯ ವಿಸಿಟರ್ ಸೆಂಟರ್ ಇರುವ ಫರ್ನೆಸ್ ಕ್ರೀಕ್‌ನಿಂದ ಹೋಗಲಿಕ್ಕೇ ಮೂರೂವರೆ ಗಂಟೆ ಇಟ್ಟುಕೊಳ್ಳಿ.

ನಮಗೆ ವಾಪಸ್ ಬರುವಾಗ ಟೀಕೆಟಲ್ ಜಂಕ್ಷನ್ (ಬೋರ್ಡಿನ ತುಂಬ ಟೀ ಕೆಟಲ್‌ಗಳನ್ನು ನೇತುಹಾಕಿರುವ ಕೂಡುರಸ್ತೆ ಅದು) ದಾಟಿದ ಮೇಲೆ ಪಂಕ್ಚರ್ ಆಯಿತು. ಮೊಬೈಲ್ ಸಿಗ್ನಲ್ ಇಲ್ಲ, ಬಿಸಿಲು ಇಳಿಯುತ್ತಿತ್ತು, ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿ ಕಮ್ಮಿ. ಒಂದು ಸಣ್ಣ ಏರ್ ಪಂಪ್ ಇಟ್ಟುಕೊಂಡಿದ್ದಕ್ಕೆ ಬಚಾವಾದೆವು. ಹೊರಡುವ ಮುಂಚೆಯೇ ಸ್ಟೆಪ್ನಿಯ ಗಾಳಿ ನೋಡಿ, ಜಾಕ್ ಹಾಕಿ ಒಂದು ಸಲ ಚಕ್ರ ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ. ಪೆಟ್ರೋಲ್ ಟ್ಯಾಂಕ್ ತುಂಬಿಸಿ. ನೀರು ಲೆಕ್ಕಕ್ಕಿಂತ ಜಾಸ್ತಿನೇ ಇರಲಿ. ಬಾಡಿಗೆ ಗಾಡಿಯಾದರೆ ಜಲ್ಲಿ ರಸ್ತೆಗೆ ಒಯ್ಯಲು ಬಿಡ್ತಾರಾ ಅಂತ ಕರಾರು ಓದಿಕೊಳ್ಳಿ, ಎಷ್ಟೋ ಕಡೆ ಬಿಡೋದಿಲ್ಲ.

ಬೇಸಿಗೆಯಲ್ಲಂತೂ ಬೇಡ. 1913ರಲ್ಲಿ ಇದೇ ಕಣಿವೆಯಲ್ಲಿ 56.7 ಡಿಗ್ರಿ ದಾಖಲಾಗಿದೆ. ನವೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ.

ಪ್ಲಾಯಾ ಬಂದ ತಕ್ಷಣ ಗ್ರ್ಯಾಂಡ್‌ಸ್ಟ್ಯಾಂಡ್ ಅನ್ನೋ ಕಪ್ಪು ಬಂಡೆಗಳ ಗುಡ್ಡ ಸಿಗುತ್ತೆ. ಸುಮಾರು ಜನ ಅಲ್ಲೇ ಹುಡುಕಿ ಬೇಜಾರಾಗ್ತಾರೆ. ಇನ್ನೂ ಎರಡು ಮೈಲಿ ದಕ್ಷಿಣಕ್ಕೆ ಹೋಗಿ ಗಾಡಿ ನಿಲ್ಲಿಸಿ, ಅರ್ಧ ಮೈಲಿಯಾದರೂ ಒಳಗೆ ನಡೆಯಿರಿ. ಕಲ್ಲುಗಳಲ್ಲಿ ಜಾಸ್ತಿ ಆ ಕಡೆಯ ಬೆಟ್ಟದಿಂದ ಉರುಳಿ ಬಿದ್ದವು.

ಮಾವ ಬಿರುಕು ಬಿಟ್ಟ ಮಣ್ಣಿನ ಮೇಲೆ ಕೂತು, ಕಲ್ಲು ಜರುಗಿದ ಒಂದು ಜಾಡಿನ ಮೇಲೆ ಅಂಗೈ ಎಳೆದರು. ಬೆರಳಿನಷ್ಟೂ ಆಳ ಇಲ್ಲ, ಎರಡೂ ಅಂಚಿನಲ್ಲಿ ಮಣ್ಣು ಸಣ್ಣದಾಗಿ ಎದ್ದು ನಿಂತಿದೆ. "ಹಗ್ಗ ಕಟ್ಟಿ ಎಳೆದ ಹಾಗಿದೆಯಲ್ಲಮ್ಮಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಗೋ ಆ ಇನ್ನೊಂದು ಕಲ್ಲು ನೋಡು. ಇದು ತಿರುಗಿದ ಕಡೆನೇ ಅದೂ ತಿರುಗಿದೆ" ಅಂದರು.

ಗುಟ್ಟೆಲ್ಲ ಇರೋದು ಅಲ್ಲೇ! ಎಷ್ಟೋ ದಶಕ ಯಾರಿಗೂ ಬಿಡಿಸೋಕಾಗದ ಒಗಟು ಇದು. ರಿಚರ್ಡ್ ನಾರಿಸ್, ಜೇಮ್ಸ್ ನಾರಿಸ್ ಅನ್ನೋ ಸಂಶೋಧಕರು, ಇಬ್ಬರೂ ಸಂಬಂಧಿಕರು, ತಮ್ಮ ತಂಡದ ಜೊತೆ ಸೇರಿ 15 ಕಲ್ಲುಗಳಿಗೆ ಜಿಪಿಎಸ್ ಕೂರಿಸಿ ಕಾದರು. 2013ರ ಡಿಸೆಂಬರ್‌ನಲ್ಲಿ ಹೋದಾಗ ಅಲ್ಲಿ ಕೆಲವೇ ಸೆಂಟಿಮೀಟರ್ ನೀರು ನಿಂತಿತ್ತು. ರಾತ್ರಿ ಚಳಿಗೆ ಅದರ ಮೇಲೆ 3ರಿಂದ 6 ಮಿಲಿಮೀಟರ್‌ನ ತೆಳು ಮಂಜುಗಡ್ಡೆ. ಡಿಸೆಂಬರ್ 20ರ ದಿನ ಬಿಸಿಲೇರಿ ಅದು ದೊಡ್ಡ ದೊಡ್ಡ ಹಾಳೆಗಳಾಗಿ ಒಡೆಯಿತು, ಹಗುರ ಗಾಳಿಗೆ ಹಾಳೆಗಳು ತೇಲಿ ಕಲ್ಲುಗಳನ್ನು ತಳ್ಳಿದವು. ನಿಮಿಷಕ್ಕೆ 2ರಿಂದ 5 ಮೀಟರ್ ಅಷ್ಟೇ. ಅವತ್ತು 60ಕ್ಕೂ ಜಾಸ್ತಿ ಕಲ್ಲು ಜರುಗಿದವು. ಒಂದೇ ಹಾಳೆ ಎರಡು ಕಲ್ಲನ್ನೂ ತಳ್ಳಿದರೆ ಎರಡೂ ಒಟ್ಟಿಗೇ ತಿರುಗಬೇಕು, ಅಲ್ವಾ? ಅದಕ್ಕೇ ಹೇಳೋದು, ಕಲ್ಲು ಜರುಗುತ್ತೆ ಅಂತ ಕಾಯಬೇಡಿ, ಅದು ನಿಮ್ಮ ಕಣ್ಣಿಗೆ ಬೀಳೋದಿಲ್ಲ ಅಂತಲೇ ಇಟ್ಟುಕೊಳ್ಳಿ. ಪಕ್ಕಪಕ್ಕದ ಜಾಡುಗಳನ್ನು ನಿಧಾನವಾಗಿ ಹೋಲಿಸಿ ನೋಡಿ. ಸಂಜೆ ಓರೆ ಬಿಸಿಲಿಗೆ ಅವು ಚೆನ್ನಾಗಿ ಎದ್ದು ಕಾಣುತ್ತವೆ, ಆದರೆ ಆಮೇಲೆ ಕತ್ತಲಲ್ಲಿ ಆ ರಸ್ತೆ ಓಡಿಸಬೇಕು, ಅದನ್ನೂ ಲೆಕ್ಕ ಹಾಕಿಕೊಳ್ಳಿ.

ಒಂದು ಮಾತು ಕೈಮುಗಿದು ಕೇಳ್ತೀನಿ. ನೆಲ ಒದ್ದೆ ಇದ್ದರೆ ಕಾಲಿಡಬೇಡಿ. ಹೆಜ್ಜೆ ಗುರುತು ವರ್ಷಗಟ್ಟಲೆ ಹಾಗೇ ಉಳಿಯುತ್ತೆ. ನಾವೇ ನೋಡಿದೆವು, ಯಾವುದೋ ಮಳೆಗಾಲದ ಶೂ ಗುರುತು ಒಣಗಿ ಕಲ್ಲಾಗಿ ಕೂತಿದೆ. ಗಾಡಿಯನ್ನಂತೂ ಇಳಿಸಲೇಬಾರದು. ಕಲ್ಲು ಮುಟ್ಟೋದು, ಪಕ್ಕಕ್ಕೆ ಇಟ್ಟು ಫೋಟೋ ತೆಗೆಯೋದು ಯಾವುದೂ ಬೇಡ. ಒಂದು ಉದ್ದನೆಯ ಜಾಡನ್ನು ನಾವು ಆಸೆಯಿಂದ ಹಿಂಬಾಲಿಸಿ ಹೋದೆವು. ತುದಿಯಲ್ಲಿ ಕಲ್ಲೇ ಇರಲಿಲ್ಲ. ಮಾವ ಅಲ್ಲೇ ತುಂಬ ಹೊತ್ತು ಸುಮ್ನೆ ನಿಂತಿದ್ದರು.