ಫಾರ್ಮ್ ತುಂಬಲು ಕರೆಯುವ ಮೊದಲು

ಆಸ್ಪತ್ರೆಯಲ್ಲಿ ಸಂಶೋಧನೆ ಅಂದರೆ ನರ್ಸ್ ಪಾಲಿಗೆ ಬರುವುದು ಹೆಚ್ಚಾಗಿ ಫಾರ್ಮ್ ತುಂಬುವ ಕೆಲಸ. ಪ್ರಶ್ನೆ ಡಾಕ್ಟರದ್ದು, ಲೆಕ್ಕ ಸ್ಟಾಟಿಸ್ಟಿಷಿಯನ್‌ದು, ಪ್ರಬಂಧದ ಮೇಲಿನ ಹೆಸರು ಅವರಿಬ್ಬರದ್ದು. ಬೆಳಗಿನ ಜಾವ ಅಳತೆ ತೆಗೆದು ಬರೆದಿಟ್ಟವರಿಗೆ ಕೊನೆಯ ಪುಟದಲ್ಲಿ ಒಂದು ಸಾಲಿನ ಕೃತಜ್ಞತೆ. ಇನ್ನೊಂದು ಕಡೆ, ನರ್ಸಿಂಗ್ ಕಾಲೇಜುಗಳು ತಮ್ಮಷ್ಟಕ್ಕೆ ಮಾಡುವ ಅಧ್ಯಯನಗಳಲ್ಲಿ ಬೇರೆ ವಿಭಾಗದವರು ಯಾರೂ ಇರುವುದಿಲ್ಲ. 60 ಜನ, ಒಂದು ಪ್ರಶ್ನಪತ್ರಿಕೆ, ನಡುವೆ ಒಂದು ಪಾಠ, ವಾರ ಕಳೆದ ಮೇಲೆ ಮತ್ತೆ ಅದೇ ಪ್ರಶ್ನಪತ್ರಿಕೆ. ಅಂಕ ಹೆಚ್ಚಾಯಿತು ಅನ್ನುವುದೇ ಫಲಿತಾಂಶ. ಪಾಠ ಹೇಳಿ ಅದನ್ನೇ ಕೇಳಿದರೆ ಹೆಚ್ಚಾಗದೆ ಇನ್ನೇನಾಗುತ್ತದೆ? ಎರಡೂ ಕಡೆ ತಪ್ಪಿದ್ದು ಒಂದೇ ಜಾಗದಲ್ಲಿ. ಪ್ರಶ್ನೆ ಹುಟ್ಟುವಾಗ ಅದಕ್ಕೆ ಸಂಬಂಧಪಟ್ಟವರೆಲ್ಲ ಒಟ್ಟಿಗೆ ಕೂತಿರಲಿಲ್ಲ.

ಉದಾಹರಣೆಗೆ ಐಸಿಯುವಿನ ಬೆಡ್ ಸೋರ್ ತೆಗೆದುಕೊಳ್ಳೋಣ, ಅಂದರೆ ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಒತ್ತಡದಿಂದ ಆಗುವ ಗಾಯ. ಮಗ್ಗುಲು ಬದಲಿಸುವುದು ನರ್ಸ್, ಯಾವ ಕೋನದಲ್ಲಿ ದಿಂಬಿಡಬೇಕು ಅಂತ ಬಲ್ಲವರು ಫಿಸಿಯೋಥೆರಪಿಸ್ಟ್, ಪ್ರೋಟೀನ್ ಲೆಕ್ಕ ಡಯಟಿಷಿಯನ್‌ದು, ನಿದ್ರೆಯ ಔಷಧ ಮತ್ತು ಬಿಪಿ ಏರಿಸುವ ಔಷಧ ಡಾಕ್ಟರದ್ದು, ಹಾಸಿಗೆ ಖರೀದಿ ಆಡಳಿತದ್ದು. ಆದರೆ ಗಾಯವಾದಾಗ ವಿವರಣೆ ಕೇಳುವ ಮೆಮೋ ಬರುವುದು ಮಾತ್ರ ನರ್ಸ್‌ಗೆ. ಅಂದ ಹಾಗೆ, 2016ರಲ್ಲಿ ಅಮೆರಿಕದ ಪರಿಣತರ ಮಂಡಳಿ ಇದನ್ನು ‘ಒತ್ತಡದ ಹುಣ್ಣು’ ಎನ್ನುವ ಬದಲು ‘ಒತ್ತಡದ ಗಾಯ’ ಎಂದು ಕರೆಯಲು ಶುರುಮಾಡಿತು. ಮೊದಲ ಹಂತದಲ್ಲಿ ಚರ್ಮ ಒಡೆದೇ ಇರುವುದಿಲ್ಲ, ಹುಣ್ಣು ಎಲ್ಲಿಂದ ಬಂತು?

ಈಗ ಒಂದು ಮಗ್ಗುಲು ಚಾರ್ಟ್ ಕೈಗೆತ್ತಿಕೊಳ್ಳಿ. ರಾತ್ರಿ 10, 12, 2, 4, ನಾಲ್ಕೂ ಮನೆಯಲ್ಲಿ ಟಿಕ್. ಒಂದೇ ಪೆನ್ನು, ಒಂದೇ ಓರೆ, ಒಂದೇ ಒತ್ತು. ಬೆಳಿಗ್ಗೆ ಐದೂವರೆಗೆ ಒಟ್ಟಿಗೆ ಹಾಕಿದ್ದು ಅಂತ ವಾರ್ಡ್ ಕಂಡವರಿಗೆ ಯಾರೂ ಹೇಳಬೇಕಿಲ್ಲ. ಹೊರಗಿನಿಂದ ಬಂದ ಸಂಶೋಧಕ ಇದನ್ನು ‘ಪ್ರತಿ 2 ಗಂಟೆಗೆ ಮಗ್ಗುಲು ಬದಲಿಸಲಾಗಿದೆ’ ಅಂತ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಮಗ್ಗುಲು ಬದಲಿಸಿದರೂ ಗಾಯ ಕಡಿಮೆಯಾಗಲಿಲ್ಲ, ಆದ್ದರಿಂದ ಹಾಸಿಗೆ ಬದಲಿಸಬೇಕು ಎಂದು ತೀರ್ಮಾನಕ್ಕೆ ಬರುತ್ತಾನೆ. ಅದೇ ಚಾರ್ಟನ್ನು ರಾತ್ರಿ ಪಾಳಿಯವರ ಮುಂದಿಟ್ಟು, ‘ಯಾರನ್ನು ತಿರುಗಿಸಲು ಆಗಲಿಲ್ಲ?’ ಅಂತ ಬೈಯುವ ದನಿ ಬಿಟ್ಟು ಕೇಳಿ. ಉತ್ತರ ಬೇರೆಯೇ ಬರುತ್ತದೆ. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಓಡುತ್ತಿರುವ ರೋಗಿಯನ್ನು ಎಡಕ್ಕೆ ಹೊರಳಿಸಿದರೆ ಬಿಪಿ ಇಳಿಯುತ್ತದೆ, ಮಾನಿಟರ್ ಕಿರುಚುತ್ತದೆ. ಹಾಗಾಗಿ ಅವರನ್ನು ಮುಟ್ಟುವುದಿಲ್ಲ. ಗಾಯವಾಗುವ ಅಪಾಯ ಹೆಚ್ಚಿರುವುದೂ ಅವರಿಗೇ.

ಸಂಶೋಧನೆಯ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಪೂರ್ತಿ ಹೊರಳಿಸದೆ, ನಿಧಾನವಾಗಿ, ಸಣ್ಣ ಸಣ್ಣ ಓರೆಯಲ್ಲಿ ಭಾರ ಬದಲಿಸಿದರೆ ಈ ರೋಗಿಗಳಿಗೆ ಗಾಯ ಕಡಿಮೆಯಾದೀತೆ? ಇಂಥ ಪ್ರಶ್ನೆ ಒಬ್ಬರ ಕೈಯಲ್ಲಿ ಮುಗಿಯುವುದಲ್ಲ. ಬಿಪಿ ಎಷ್ಟು ಇಳಿದರೆ ಕೈಬಿಡಬೇಕು, ಎಷ್ಟು ನಿಮಿಷ ಕಾದು ನೋಡಬೇಕು ಎಂದು ಡಾಕ್ಟರ್ ಅಂಕಿಯಲ್ಲಿ ಬರೆದುಕೊಡಬೇಕು. 30 ಡಿಗ್ರಿ ದಾಟದಂತೆ ದಿಂಬು ಎಲ್ಲಿ ಸಿಕ್ಕಿಸಬೇಕು ಎಂದು ಫಿಸಿಯೋ ತೋರಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಗದೆ ತೇಲಬೇಕು, ಭಾರ ಮೀನಖಂಡದ ಉದ್ದಕ್ಕೂ ಹಂಚಿಹೋಗಬೇಕು. ಈ ಎರಡು ವಿವರ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ಮೊದಲ ಸಭೆ ಯಾವಾಗ ಇಡುತ್ತೀರಿ ಅನ್ನುವುದರಲ್ಲೇ ಅರ್ಧ ತೀರ್ಮಾನವಾಗುತ್ತದೆ. ಬೆಳಿಗ್ಗೆ 10 ಅಂದರೆ ರೌಂಡ್ಸ್ ಹೊತ್ತು, ನರ್ಸ್ ಬರುವುದಿಲ್ಲ. ಬಂದರೂ ಇನ್‌ಚಾರ್ಜ್ ಬರುತ್ತಾರೆ, ರೋಗಿಯನ್ನು ಕೈಯಾರೆ ಹೊರಳಿಸುವವರು ಬರುವುದಿಲ್ಲ. ಬೆಳಗಿನ ಪಾಳಿ ಮುಗಿದು ಮಧ್ಯಾಹ್ನದವರು ಬರುವ 2 ಗಂಟೆ ಸುಮಾರಿಗೆ, ಹ್ಯಾಂಡೋವರ್ ಆದ ಮೇಲೆ 30 ನಿಮಿಷ ಸಾಕು. ನರ್ಸಿಂಗ್ ಸೂಪರಿಂಟೆಂಡೆಂಟ್ ಒಪ್ಪಿಗೆ ಬಾಯಿಮಾತಲ್ಲಿ ಬೇಡ, ಬರಹದಲ್ಲಿರಲಿ. ಮುಂದೆ ಡ್ಯೂಟಿ ಬದಲಾದಾಗ ಆ ಕಾಗದವೇ ಕಾಯುತ್ತದೆ. ಸಭೆಯಿಂದ ಹೊರಬರುವಾಗ ಒಂದೇ ಪುಟ ಇರಬೇಕು. ಅದರಲ್ಲಿ ಪ್ರಶ್ನೆ ಒಂದು ವಾಕ್ಯದಲ್ಲಿ, ಯಾರ ಕೆಲಸ ದಿನಕ್ಕೆ ಎಷ್ಟು ನಿಮಿಷ ಹೆಚ್ಚುತ್ತದೆ, ಡೇಟಾ ಯಾರ ಬಳಿ ಇರುತ್ತದೆ, ಲೇಖಕರ ಹೆಸರುಗಳ ಕ್ರಮ. ಕೊನೆಯದನ್ನು ಮೊದಲ ದಿನವೇ ಮಾತಾಡಲು ಎಲ್ಲರಿಗೂ ಸಂಕೋಚ. ಆ ಸಂಕೋಚ ಎರಡು ವರ್ಷದ ನಂತರ ಜಗಳವಾಗುತ್ತದೆ, ಅಷ್ಟೇ ವ್ಯತ್ಯಾಸ.

ಲೇಖಕತ್ವದ ಬಗ್ಗೆ ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಷರತ್ತುಗಳಿವೆ: ವಿನ್ಯಾಸ, ಡೇಟಾ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು; ಬರೆಯುವುದು ಅಥವಾ ಗಂಭೀರವಾಗಿ ತಿದ್ದುವುದು; ಅಂತಿಮ ಕರಡಿಗೆ ಒಪ್ಪಿಗೆ; ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇರಬೇಕು. ‘ಸಿಸ್ಟರ್ ಡೇಟಾ ಮಾತ್ರ ತೆಗೆದರು, ಕರಡು ತಿದ್ದಲಿಲ್ಲ’ ಎಂದು ಹೆಸರು ಬಿಡುವುದು ರೂಢಿ. ಆದರೆ ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಮೊದಲ ಷರತ್ತು ಪೂರೈಸಿದವರಿಗೆ ಕರಡು ನೋಡುವ, ತಿದ್ದುವ ಅವಕಾಶ ಕೊಡಬೇಕು. ಕರಡನ್ನೇ ಕಳಿಸದೆ, ತಿದ್ದಲಿಲ್ಲ ಅಂತ ಕೈಬಿಡುವಂತಿಲ್ಲ. ಈ ಸಾಲನ್ನು ಯಾರೂ ಓದಿ ಹೇಳುವುದಿಲ್ಲ, ಆದ್ದರಿಂದ ಆ ಒಂದು ಪುಟದ ಜೊತೆಗೆ ಇದರ ಪ್ರತಿಯನ್ನೂ ಪಿನ್ ಮಾಡಿ.

ಸ್ಟಾಟಿಸ್ಟಿಷಿಯನ್‌ರನ್ನು ಡೇಟಾ ಬಂದ ಮೇಲೆ ಕರೆಯುವುದು ಮನೆ ಕಟ್ಟಿದ ಮೇಲೆ ಪಾಯ ಕೇಳಿದ ಹಾಗೆ. ಈಗ 100ರಲ್ಲಿ 20 ಜನರಿಗೆ ಗಾಯವಾಗುತ್ತಿದೆ, ಅದನ್ನು 10ಕ್ಕೆ ಇಳಿಸುವುದು ಗುರಿ ಅಂತ ಇಟ್ಟುಕೊಳ್ಳಿ. ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಅಪಾಯ ಶೇ 5, ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ (ಪವರ್) ಶೇ 80 ಅಂತ ಇಟ್ಟರೆ, ಸಾಮಾನ್ಯ ಸೂತ್ರದ ಪ್ರಕಾರ ಗುಂಪಿಗೆ 196 ಜನ ಬೇಕು. ಶೇ 10ರಷ್ಟು ಜನ ಮಧ್ಯದಲ್ಲಿ ಬಿಟ್ಟುಹೋಗುತ್ತಾರೆ ಅಂದರೆ ಗುಂಪಿಗೆ 218. ಗುಂಪಿಗೆ 30 ಜನ ಸಾಕು ಅನ್ನುವ ವಾಡಿಕೆಯ ಸಂಖ್ಯೆ ಎಲ್ಲಿಂದ ಬಂತೋ, ಇಲ್ಲಿ ಅದಕ್ಕೆ ಅರ್ಥವಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದೇ ವಾರ್ಡಿನಲ್ಲಿ ಒಬ್ಬರನ್ನು ಹೊಸ ರೀತಿ, ಪಕ್ಕದವರನ್ನು ಹಳೆಯ ರೀತಿ ತಿರುಗಿಸಿ ಅಂದರೆ ನಡೆಯುವುದಿಲ್ಲ, ಕೈ ಒಮ್ಮೆ ಕಲಿತದ್ದನ್ನು ಎಲ್ಲರಿಗೂ ಮಾಡುತ್ತದೆ. ಆಗ ವಾರ್ಡುಗಳನ್ನೇ ಹಂಚಬೇಕಾಗುತ್ತದೆ. ಒಂದೇ ವಾರ್ಡಿನ ರೋಗಿಗಳು ಒಬ್ಬರನ್ನೊಬ್ಬರು ಹೋಲುವುದರಿಂದ ಸಂಖ್ಯೆ ಏರುತ್ತದೆ. ವಾರ್ಡಿಗೆ 50 ರೋಗಿಗಳು, ಹೋಲಿಕೆಯ ಗುಣಾಂಕ 0.02 ಅಂದರೆ 1 + 49 × 0.02 = 1.98. ಹತ್ತಿರ ಹತ್ತಿರ ಎರಡು ಪಟ್ಟು. 196 ಇದ್ದದ್ದು 389 ಆಗುತ್ತದೆ, ಬಿಟ್ಟುಹೋಗುವವರನ್ನು ಸೇರಿಸದೆಯೇ. ಎ ವಾರ್ಡ್ ಹೊಸ ರೀತಿ, ಬಿ ವಾರ್ಡ್ ಹಳೆಯ ರೀತಿ ಅಂತ ಎರಡೇ ವಾರ್ಡಿಟ್ಟು ಹೋಲಿಸಿದರೆ ಅಳೆದದ್ದು ದಿಂಬನ್ನೋ ಎ ವಾರ್ಡಿನ ಇನ್‌ಚಾರ್ಜನ್ನೋ ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಡ್ಯೂಟಿ ಬದಲಾಗುವ ಕಡೆಯಂತೂ ಹೊಸ ರೀತಿ ಕಲಿತ ನರ್ಸ್ ಮುಂದಿನ ತಿಂಗಳು ಹಳೆಯ ರೀತಿಯ ವಾರ್ಡಿನಲ್ಲಿರುತ್ತಾರೆ. ಇದು ಸ್ಟಾಟಿಸ್ಟಿಷಿಯನ್‌ಗೆ ಹೊಳೆಯುವುದಿಲ್ಲ, ಡ್ಯೂಟಿ ರೋಸ್ಟರ್ ಬರೆಯುವವರಿಗೆ ಹೊಳೆಯುತ್ತದೆ. ಅದಕ್ಕೇ ಅವರು ಮೇಜಿನಲ್ಲಿರಬೇಕು. ನನ್ನ ಮಟ್ಟಿಗೆ, ಇಂಥ ಕಡೆ ಎಲ್ಲ ವಾರ್ಡುಗಳೂ ಹಳೆಯ ರೀತಿಯಲ್ಲಿ ಶುರುವಾಗಿ, ಚೀಟಿ ಎತ್ತಿದ ಕ್ರಮದಲ್ಲಿ ಒಂದೊಂದಾಗಿ ಹೊಸ ರೀತಿಗೆ ದಾಟುವ ವಿನ್ಯಾಸ ಹೆಚ್ಚು ಹೊಂದುತ್ತದೆ. ರೋಸ್ಟರ್ ಬದಲಾವಣೆಯನ್ನು ಆ ದಾಟುವ ದಿನಾಂಕಗಳಿಗೆ ಹೊಂದಿಸಿಕೊಂಡರಾಯಿತು.

ಇನ್ನು ಅಳತೆ. ಅಪಾಯದ ಅಂದಾಜಿಗೆ ಬ್ರೇಡನ್ ಸ್ಕೇಲ್ ಇದೆ, ಅಮೆರಿಕದ ನರ್ಸ್‌ಗಳೇ ರೂಪಿಸಿ 1987ರಲ್ಲಿ ಪ್ರಕಟಿಸಿದ್ದು. ಆರು ಅಂಶ, ಒಟ್ಟು 6ರಿಂದ 23 ಅಂಕ, ಅಂಕ ಇಳಿದಷ್ಟೂ ಅಪಾಯ ಹೆಚ್ಚು. ಅದರಲ್ಲಿ ದೊಡ್ಡ ತೊಡಕಿಲ್ಲ. ತೊಡಕಿರುವುದು ಗಾಯವನ್ನು ಗುರುತಿಸುವುದರಲ್ಲಿ. ಮೊದಲ ಹಂತ ಅಂದರೆ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು. ಬೆನ್ನಿನ ಕೆಳಗಿನ ಮೂಳೆಯ ಮೇಲೆ ಬೆರಳಿಟ್ಟು ಕೆಲವು ಸೆಕೆಂಡ್ ಒತ್ತಿ, ಬಿಟ್ಟು ನೋಡಬೇಕು. ನಮ್ಮ ಕಂದು, ಕಪ್ಪು ಚರ್ಮದ ಮೇಲೆ ಆ ಕೆಂಪು ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ ಅಂತ ಬೆರಳಿನಿಂದ ಮುಟ್ಟಿ ಹೋಲಿಸಬೇಕು. ಪಾಶ್ಚಾತ್ಯ ಪಠ್ಯದ ಗುಲಾಬಿ ಚರ್ಮದ ಫೋಟೋ ತೋರಿಸಿ ತರಬೇತಿ ಕೊಟ್ಟರೆ ಮೊದಲ ಹಂತ ದಾಖಲೆಯಲ್ಲಿ ಬರುವುದೇ ಇಲ್ಲ. ನೇರವಾಗಿ ಚರ್ಮ ಒಡೆದ ಎರಡನೇ ಹಂತವೇ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಶುರುವಿಗೆ ಮೊದಲು ಇಬ್ಬರು, ಬೇರೆ ಬೇರೆಯಾಗಿ, ಅದೇ ರೋಗಿಗಳನ್ನು ನೋಡಿ ಗುರುತಿಸಬೇಕು. ಇಲ್ಲೊಂದು ಮೋಸ ಇದೆ. 100 ರೋಗಿಗಳಲ್ಲಿ 85 ಜನರಿಗೆ ಇಬ್ಬರೂ ‘ಇಲ್ಲ’ ಎಂದರು, 5 ಜನರಿಗೆ ಇಬ್ಬರೂ ‘ಇದೆ’ ಎಂದರು, ಉಳಿದ 10ರಲ್ಲಿ ಐವರಿಗೆ ಒಬ್ಬರು ಮಾತ್ರ, ಇನ್ನೈವರಿಗೆ ಇನ್ನೊಬ್ಬರು ಮಾತ್ರ ‘ಇದೆ’ ಎಂದರು. ಶೇ 90 ಹೊಂದಾಣಿಕೆ, ಭೇಷ್ ಅನಿಸುತ್ತದೆ. ಆದರೆ ಸುಮ್ಮನೆ ಆಕಸ್ಮಿಕವಾಗಿಯೇ ಶೇ 82 ಹೊಂದುತ್ತಿತ್ತು. ಅದನ್ನು ಕಳೆದು ಲೆಕ್ಕ ಹಾಕಿದರೆ ಕಪ್ಪಾ ಎಂಬ ಹೊಂದಾಣಿಕೆಯ ಅಳತೆ 0.44 (ಪೂರ್ತಿ ಹೊಂದಿದರೆ 1), ಸಾಧಾರಣ. ಒಬ್ಬರು ‘ಇದೆ’ ಎಂದ 10 ಗಾಯಗಳಲ್ಲಿ ಐದನ್ನು ಇನ್ನೊಬ್ಬರು ಒಪ್ಪಿಲ್ಲ ಅಂದರೆ ಅಧ್ಯಯನ ಶುರುಮಾಡುವ ಸ್ಥಿತಿಯಲ್ಲಿಲ್ಲ. ಒಬ್ಬರು ನರ್ಸ್, ಇನ್ನೊಬ್ಬರು ಡಾಕ್ಟರ್ ಆಗಿದ್ದರೆ ಡಾಕ್ಟರ್ ಹೇಳಿದ್ದೇ ಸರಿ ಅಂತ ಹಿಡಿಯಬೇಡಿ. ಭಿನ್ನವಾದ ಹತ್ತೂ ಜನರ ಬಳಿ ಇಬ್ಬರೂ ಒಟ್ಟಿಗೆ ಹೋಗಿ ಮತ್ತೆ ಮುಟ್ಟಿ ನೋಡಲಿ.

ಫಾರ್ಮ್ ಎಷ್ಟು ಉದ್ದ ಅನ್ನುವುದಕ್ಕೂ ಲೆಕ್ಕವಿದೆ. 10 ನಿಮಿಷದ ಫಾರ್ಮ್, ಪಾಳಿಗೆ 12 ರೋಗಿಗಳು ಅಂದರೆ 2 ಗಂಟೆ, ಆರು ಗಂಟೆಯ ಪಾಳಿಯ ಮೂರನೇ ಒಂದು ಪಾಲು. ಯಾರೂ ತುಂಬುವುದಿಲ್ಲ, ಅಥವಾ ಮತ್ತದೇ ಐದೂವರೆಯ ಟಿಕ್. ಮೂರು ನಿಮಿಷ ಮೀರದಂತೆ ಕತ್ತರಿಸಿ, ಸ್ಟಾಪ್‌ವಾಚ್ ಹಿಡಿದು ಪರೀಕ್ಷಿಸಿ. ‘ತಿರುಗಿಸಿದೆ’ ಎಂಬ ಟಿಕ್ ಮನೆಯ ಬದಲು ‘ಗಂಟೆ, ಎಡ/ಬಲ/ಬೆನ್ನು, ತಿರುಗಿಸದಿದ್ದರೆ ಕಾರಣ’ ಇರಲಿ. ಕಾರಣ ಬರೆದವರಿಗೆ ಮೆಮೋ ಬರುವುದಿಲ್ಲ ಅಂತ ಸೂಪರಿಂಟೆಂಡೆಂಟ್ ಸಹಿ ಬೇಕು. ಈ ಸಹಿ ಇಲ್ಲದಿದ್ದರೆ ಕಾರಣದ ಕಾಲಂ ಖಾಲಿಯೇ ಉಳಿಯುತ್ತದೆ. ರೋಗಿ ಐಸಿಯುಗೆ ಬಂದ ಪಾಳಿಯಲ್ಲೇ ಚರ್ಮ ನೋಡಿ ಬರೆಯಬೇಕು. ತಡವಾದರೆ ಹೊರಗಿನಿಂದಲೇ ಬಂದ ಗಾಯ ನಿಮ್ಮ ಲೆಕ್ಕಕ್ಕೆ ಸೇರಿಬಿಡುತ್ತದೆ.

ಗಾಯದ ಫೋಟೋಗೆ ಬೇರೆ ಒಪ್ಪಿಗೆ, ಪಕ್ಕದಲ್ಲಿ ಕಾಗದದ ಅಳತೆಪಟ್ಟಿ, ಮುಖ ಮತ್ತು ಹಚ್ಚೆ ಬರಬಾರದು. ವಾಟ್ಸಾಪ್ ಗುಂಪಿಗೆ ಹಾಕಲೇಬಾರದು.

ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಅಂದರೆ ಹೆದರಿಕೆ, ಇಲ್ಲವೇ ಉಡಾಫೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ವಿನಾಯಿತಿ, ತ್ವರಿತ ಪರಿಶೀಲನೆ, ಪೂರ್ಣ ಸಭೆ ಎಂದು ಮೂರು ದಾರಿಗಳಿವೆ. ಯಾವುದು ಎಂದು ನಿರ್ಧರಿಸುವುದು ಕಮಿಟಿಯೇ ಹೊರತು ನೀವಲ್ಲ. ‘ಇದು ಬರೀ ನರ್ಸಿಂಗ್ ಕೇರ್, ಅನುಮತಿ ಬೇಡ’ ಎನ್ನುವುದು ತಪ್ಪು. ಆರೈಕೆಯ ರೀತಿ ಬದಲಿಸಿ ಹೋಲಿಸುತ್ತಿದ್ದರೆ ಅದು ಟ್ರಯಲ್, ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಬೇಕು. 2018ರ ಏಪ್ರಿಲ್‌ನಿಂದ ಅಲ್ಲಿ ಹಿಂದಿನ ದಿನಾಂಕದ ನೋಂದಣಿ ಇಲ್ಲ. ನರ್ಸ್‌ಗಳ ಬಗ್ಗೆಯೇ ಅಧ್ಯಯನವಾದರೆ ನೆನಪಿಡಿ, ಕೈಕೆಳಗಿನ ಸಿಬ್ಬಂದಿಯನ್ನೂ ಅದೇ ಮಾರ್ಗಸೂಚಿ ದುರ್ಬಲರ ಪಟ್ಟಿಗೆ ಸೇರಿಸಿದೆ. ಹಾಗಾಗಿ ಅವರ ಒಪ್ಪಿಗೆಯನ್ನು ಇನ್‌ಚಾರ್ಜ್ ತೆಗೆದುಕೊಳ್ಳಬಾರದು.

ಕನ್ನಡದ ಒಪ್ಪಿಗೆ ಪತ್ರವನ್ನು ಹೊರಗಡೆ ಟೈಪಿಂಗ್ ಮಾಡುವವರಿಂದ ಅನುವಾದಿಸಿದರೆ ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಅಂತ ಬರುತ್ತದೆ. ‘ಚೀಟಿ ಎತ್ತಿ ತೀರ್ಮಾನಿಸುತ್ತೇವೆ’ ಅಂದರೆ ಕಲಬುರಗಿಯಲ್ಲೂ ಅರ್ಥವಾಗುತ್ತದೆ, ಮಡಿಕೇರಿಯಲ್ಲೂ ಅರ್ಥವಾಗುತ್ತದೆ. ‘ಪ್ರಯೋಗ’ ಎಂಬ ಪದಕ್ಕೆ ಮನೆಯವರು ಬೆಚ್ಚುತ್ತಾರೆ, ‘ಅಧ್ಯಯನ’ ಸಾಕು. ಆದರೆ ಹೊಸ ರೀತಿಯನ್ನು ಪರೀಕ್ಷಿಸುತ್ತಿದ್ದೇವೆ ಎಂಬ ಮಾತನ್ನು ಮಾತ್ರ ಮುಚ್ಚಿಡಬೇಡಿ. ಈ ಪತ್ರದ ಭಾಷೆಯನ್ನು ನರ್ಸ್‌ಗಳೇ ಬರೆಯಬೇಕು. ದಿನವೂ ಕಾರಿಡಾರಿನಲ್ಲಿ ಈ ಮಾತಾಡುವವರು ಅವರೇ.

ಇಂಥ ಜೊತೆಗಾರಿಕೆ ಹೊಸದೇನಲ್ಲ. ಕ್ರಿಮಿಯಾ ಯುದ್ಧದ ಸಾವುಗಳ ಲೆಕ್ಕವನ್ನು ಫ್ಲಾರೆನ್ಸ್ ನೈಟಿಂಗೇಲ್ ಮುಂದಿಟ್ಟಾಗ ಜೊತೆಗಿದ್ದವರು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್. ಇತ್ತೀಚಿನದು ಬೇಕೆಂದರೆ ಮಿಷಿಗನ್‌ನ ಕೀಸ್ಟೋನ್ ಯೋಜನೆ, 2006ರಲ್ಲಿ ಪ್ರಕಟವಾದದ್ದು. ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಸೋಂಕು ಇಳಿಸಿದ ಕೆಲಸ ಅದು. ಎಲ್ಲರೂ ಅದರ ಐದಂಶದ ಚೆಕ್‌ಲಿಸ್ಟ್ ಅನ್ನೇ ನಕಲು ಮಾಡುತ್ತಾರೆ. ಒಂದು ಹೆಜ್ಜೆ ತಪ್ಪಿದರೆ, ತುರ್ತಿಲ್ಲದಿದ್ದಾಗ, ಡಾಕ್ಟರನ್ನು ತಡೆದು ನಿಲ್ಲಿಸುವ ಅಧಿಕಾರ ನರ್ಸ್‌ಗಿತ್ತು ಎಂಬುದನ್ನು ಬಿಟ್ಟುಬಿಡುತ್ತಾರೆ. ನಮ್ಮ ಬೆಡ್ ಸೋರ್ ಅಧ್ಯಯನದಲ್ಲಿ ಅದಕ್ಕೆ ಸಮನಾದದ್ದು ಇಷ್ಟು: ಡಾಕ್ಟರ್ ಬರೆದ ಬಿಪಿ ಮಿತಿಯೊಳಗೆ ಇರುವ ತನಕ ರೋಗಿಯ ಭಾರ ಬದಲಿಸಲು ನರ್ಸ್ ಯಾರನ್ನೂ ಫೋನ್ ಮಾಡಿ ಕೇಳಬೇಕಿಲ್ಲ, ಮಿತಿ ದಾಟಿದರೆ ನಿಲ್ಲಿಸಿದ್ದಕ್ಕೂ ಉತ್ತರ ಕೊಡಬೇಕಿಲ್ಲ.

ಅರ್ಧದಲ್ಲಿ ನಿಂತುಹೋಗುವುದು ಹೆಚ್ಚಾಗಿ ಮೂರನೇ ತಿಂಗಳಿನ ಹೊತ್ತಿಗೆ. ಇನ್‌ಚಾರ್ಜ್ ವರ್ಗವಾಗುತ್ತಾರೆ, ಸ್ನಾತಕೋತ್ತರ ವಿದ್ಯಾರ್ಥಿ ಪರೀಕ್ಷೆಗೆ ಹೋಗುತ್ತಾರೆ. ಪ್ರತಿ ವಾರ್ಡಿಗೆ ಒಬ್ಬರಲ್ಲ, ಇಬ್ಬರು ಹೊಣೆಗಾರರಿರಲಿ, ಒಬ್ಬರು ರಾತ್ರಿ ಪಾಳಿಯವರು. ಪ್ರಬಂಧ ಬರುವವರೆಗೆ ಕಾಯದೆ ತಿಂಗಳಿಗೊಮ್ಮೆ ವಾರ್ಡಿನ ಅಂಕಿ ವಾರ್ಡಿಗೇ ಮರಳಬೇಕು. ದಿನವೂ ಮಧ್ಯರಾತ್ರಿ 12ಕ್ಕೆ ಇದ್ದ ರೋಗಿಗಳನ್ನು ಎಣಿಸಿ ಕೂಡಿಸಿದರೆ ತಿಂಗಳ ರೋಗಿ-ದಿನಗಳು. 480 ರೋಗಿ-ದಿನಗಳಲ್ಲಿ 6 ಹೊಸ ಗಾಯ ಅಂದರೆ 1000ಕ್ಕೆ 12.5. ಒಂದು ಎ4 ಹಾಳೆಯಲ್ಲಿ ಆ ಚುಕ್ಕಿ ಇಟ್ಟು, ಹಿಂದಿನ ತಿಂಗಳ ಚುಕ್ಕಿಗೆ ಗೆರೆ ಎಳೆದು, ಡ್ಯೂಟಿ ರೂಮಿನಲ್ಲಿ ರೋಸ್ಟರ್ ಪಕ್ಕಕ್ಕೆ ಅಂಟಿಸಿ. ಆ ಗೋಡೆಯನ್ನು ಪಾಳಿಗೆ ಬಂದವರೆಲ್ಲ ನೋಡುತ್ತಾರೆ.