ಚೌಕಿಯೊಳಗೆ ಒಂದು ಸ್ಟಾಪ್ ಬೆಳಕಿನ ಬೆಲೆ

ಯಕ್ಷಗಾನ ಮೇಳವೊಂದರ ತಿರುಗಾಟದುದ್ದಕ್ಕೂ ಅದರ ಚೌಕಿಯನ್ನು, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗವನ್ನು, ಕಪ್ಪು-ಬಿಳುಪು ಫಿಲಂನಲ್ಲಿ ದಾಖಲಿಸುವ ಕೆಲಸವನ್ನು ಒಪ್ಪಿಕೊಂಡಾಗ ನನ್ನ ಬಳಿ ಇದ್ದದ್ದು ಹಳೆಯದೊಂದು ಲೈಕಾ ಎಂ6 ಮತ್ತು ಅದಕ್ಕೊಂದು 50 ಮಿ.ಮೀ. ಲೆನ್ಸ್. ಮೊದಲ ರಾತ್ರಿಯೇ ಅದು ಸಾಲದೆಂದು ತಿಳಿಯಿತು. ಕಲಾವಿದರು ತಮ್ಮ ತಮ್ಮ ಪೆಟ್ಟಿಗೆಗಳ ಬಳಿ ಎದುರುಬದುರಾಗಿ ಎರಡು ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತಾರೆ. ನಡುವೆ ಉಳಿಯುವ ಓಣಿಯಲ್ಲಿ ಒಬ್ಬರು ನಡೆದುಹೋಗಬಹುದು, ಅಷ್ಟೇ. ಅಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತವನಿಗೂ ವೇಷಧಾರಿಗೂ ಒಂದು ಮೀಟರ್‌ಗಿಂತ ಹೆಚ್ಚು ಅಂತರ ಸಿಗುವುದಿಲ್ಲ. ಕೈಗನ್ನಡಿ ಹಿಡಿದು ಕಣ್ಣಿಗೆ ಕಾಡಿಗೆ ಎಳೆಯುತ್ತಿರುವವರ ಮುಂದೆ ಫ್ಲ್ಯಾಶ್ ಹಾರಿಸುವುದಂತೂ ಸಲ್ಲದ ಮಾತು. ಅಂದರೆ ನನಗೆ ಬೇಕಾಗಿದ್ದದ್ದು ವಿಶಾಲ ಕೋನದ, ಹೆಚ್ಚು ಬೆಳಕನ್ನು ಒಳಬಿಡುವ ಲೆನ್ಸ್.

ಆಯ್ಕೆ ಎರಡಕ್ಕೆ ಬಂದು ನಿಂತಿತು: ಎಫ್ 1.4ರ ಒಂದು 35 ಮಿ.ಮೀ., ಇಲ್ಲವೇ ಎಫ್ 2ರ ಒಂದು 28 ಮಿ.ಮೀ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು. ಇಲ್ಫೋರ್ಡ್ ಎಚ್‌ಪಿ5 ಫಿಲಂ ಅನ್ನು 1600 ಐಎಸ್‌ಒ ಸಂವೇದನೆಗೆ ಏರಿಸಿಕೊಂಡರೂ ಚೌಕಿಯ ಬಲ್ಬುಗಳ ಕೆಳಗೆ ಎಫ್ 2ರಲ್ಲಿ ಷಟರ್ ವೇಗ ಸೆಕೆಂಡಿನ 1/60 ಭಾಗವಷ್ಟೇ ಸಿಗುತ್ತಿತ್ತು, ಮೂಲೆಗಳಲ್ಲಿ 1/30ಕ್ಕೆ ಇಳಿಯುತ್ತಿತ್ತು. ಒಂದು ಸ್ಟಾಪ್ ಹೆಚ್ಚಿಗೆ, ಅಂದರೆ ಎರಡು ಪಟ್ಟು, ಬೆಳಕು ಸಿಕ್ಕರೆ ಆ 1/30 ಪುನಃ 1/60 ಆಗುತ್ತದೆ ಎಂಬ ಲೆಕ್ಕ ಹಾಕಿ, ಬೇರೇನನ್ನೂ ವಿಚಾರಿಸದೆ, ಹಳೆಯ ಮಾದರಿಯ ವಿನ್ಯಾಸವಿದ್ದ ಪುಟ್ಟದೊಂದು 35 ಮಿ.ಮೀ. ಲೆನ್ಸನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ.

ಆರು ರಾತ್ರಿಗಳ ಫಿಲಂ ತೊಳೆದು ದೊಡ್ಡ ಪ್ರಿಂಟ್ ಹಾಕಿದಾಗ ತಪ್ಪು ಕಂಡಿತು. ಬಣ್ಣದ ವೇಷದ (ರಾಕ್ಷಸ ಪಾತ್ರದ) ಹಿರಿಯರೊಬ್ಬರು ಮುಖದ ಮೇಲೆ ಅಕ್ಕಿಹಿಟ್ಟು-ಸುಣ್ಣದ ಚುಕ್ಕೆಗಳಾದ ಚುಟ್ಟಿಯನ್ನು ಒಂದೊಂದಾಗಿ ಇಟ್ಟುಕೊಳ್ಳುತ್ತಿದ್ದ ಚಿತ್ರದಲ್ಲಿ ನಾನು ಫೋಕಸ್‌ಗಾಗಿ ಕ್ಯಾಮೆರಾದ ದೂರಮಾಪಕದ (ರೇಂಜ್‌ಫೈಂಡರ್‌ನ) ಎರಡು ಬಿಂಬಗಳನ್ನು ಕೂಡಿಸಿದ್ದು ಅವರ ಕಣ್ಣಿನ ಮೇಲೆ. ಚಿತ್ರದಲ್ಲಿ ಚೂಪಾಗಿ ಬಂದದ್ದು ಕಿವಿಯ ಬಳಿಯ ಚುಟ್ಟಿಯ ಸಾಲು. ಪ್ರಿಂಟನ್ನು ಅವರಿಗೇ ತೋರಿಸಿದೆ. "ಚುಟ್ಟಿ ಚಂದ ಬಂದಿದೆ, ಕಣ್ಣೇ ಬರ್ಲಿಲ್ಲವಲ್ಲ ಮಾರಾಯ್ರೆ" ಎಂದರು. ವಿಮರ್ಶೆ ಅಷ್ಟೇ ಸಾಕಿತ್ತು.

ಕ್ಯಾಮೆರಾದ ರೇಂಜ್‌ಫೈಂಡರ್ ಕೆಟ್ಟಿದೆಯೆಂದೇ ನಾನು ಮೊದಲು ಭಾವಿಸಿದೆ. ಆದರೆ 50 ಮಿ.ಮೀ. ಲೆನ್ಸಿನಲ್ಲಿ ತೆಗೆದ ಚಿತ್ರಗಳೆಲ್ಲ ಸರಿಯಾಗಿಯೇ ಇದ್ದವು, ಮಾತ್ರವಲ್ಲ, 35ರಲ್ಲಿಯೂ ಎಫ್ 1.4ರಲ್ಲಿ ತೆಗೆದ ಕೆಲವು ಫ್ರೇಮ್‌ಗಳಲ್ಲಿ ಕಣ್ಣು ಕಣ್ಣಾಗಿಯೇ ಬಂದಿತ್ತು. ಕೆಟ್ಟಿದ್ದವು "ಸ್ವಲ್ಪ ಜಾಗ್ರತೆ ಇರಲಿ" ಎಂದು ಎಫ್ 2ಕ್ಕೂ 2.8ಕ್ಕೂ ಇಳಿಸಿ ತೆಗೆದ ಚಿತ್ರಗಳು. ಕಾರಣ ಗಾಜಿನಲ್ಲಿಯೇ ಇತ್ತು. ಇಂಥ ಲೆನ್ಸಿನ ಅಂಚಿನಿಂದ ಹಾದುಬರುವ ಕಿರಣಗಳು ನಡುವಿನಿಂದ ಬರುವ ಕಿರಣಗಳಿಗಿಂತ ತುಸು ಮೊದಲೇ ಕೂಡುತ್ತವೆ. ಅಪರ್ಚರ್ ಪೂರ್ತಿ ತೆರೆದಾಗಿನ ಫೋಕಸ್‌ಗೆ ಹೊಂದಿಸಿದ ಲೆನ್ಸನ್ನು ಒಂದೆರಡು ಸ್ಟಾಪ್ ಮುಚ್ಚಿದರೆ ಅಂಚಿನ ಕಿರಣಗಳು ಹೊರಗುಳಿದು, ಚೂಪಾಗಿ ಕಾಣುವ ಸಮತಲವು ನಾವು ಗುರಿಯಿಟ್ಟ ವಸ್ತುವಿನ ಹಿಂದಕ್ಕೆ ಸರಿಯುತ್ತದೆ. ಲೆನ್ಸಿನ ಮೂಲಕವೇ ನೋಡುವ ಮಿರರ್‌ಲೆಸ್ ಕ್ಯಾಮೆರಾದಲ್ಲಿ, ಚಿತ್ರ ತೆಗೆಯುವ ಅಪರ್ಚರ್‌ನಲ್ಲಿಯೇ ಫೋಕಸ್ ಮಾಡಿದರೆ, ಇದು ಕಣ್ಣಿಗೆ ಬೀಳುತ್ತದೆ. ರೇಂಜ್‌ಫೈಂಡರ್ ಮಾತ್ರ ಲೆನ್ಸ್ ಎಷ್ಟು ತಿರುಗಿದೆ ಎಂಬುದನ್ನಷ್ಟೇ ಅಳೆಯುತ್ತದೆ. ಅಪರ್ಚರ್ ಎಷ್ಟಿದೆಯೆಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಮರುದಿನ ಮನೆಯ ಜಗಲಿಯಲ್ಲಿ ಮರದ ಅಡಿಕೋಲೊಂದನ್ನು ಓರೆಯಾಗಿ ನಿಲ್ಲಿಸಿ, ಸರಿಯಾಗಿ ಒಂದು ಮೀಟರ್ ದೂರದಿಂದ, ಎಫ್ 1.4ರಿಂದ 8ರವರೆಗೆ ಒಂದೊಂದು ಸ್ಟಾಪ್‌ಗೂ ಎರಡೆರಡು ಫ್ರೇಮ್ ತೆಗೆದೆ. ಕೊಳ್ಳುವ ಮೊದಲೇ ಮಾಡಬೇಕಾಗಿದ್ದ ಕೆಲಸವಿದು. ಅರ್ಧ ರೋಲ್ ಫಿಲಂ ಸಾಕಾಗುತ್ತದೆ. ಎಫ್ 2ರಲ್ಲಿಯೂ 2.8ರಲ್ಲಿಯೂ ಮೂರು-ನಾಲ್ಕು ಸೆಂಟಿಮೀಟರ್ ಹಿಂದಿನ ಗೆರೆಗಳು ಚೂಪಾಗಿದ್ದವು. ಎಫ್ 5.6ಕ್ಕೆ ಬರುವಷ್ಟರಲ್ಲಿ ಫೋಕಸ್‌ನ ಆಳವೇ ಹೆಚ್ಚಿ ಆ ದೋಷವನ್ನು ನುಂಗಿಕೊಂಡಿತ್ತು. ನನಗೆ ಹೆಚ್ಚು ಬೇಕಾದ ಎರಡು ಸ್ಟಾಪ್‌ಗಳಲ್ಲಿಯೇ ಆ ಲೆನ್ಸ್ ಕೈಕೊಡುತ್ತಿತ್ತು.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಲೈಕಾ 2010ರಲ್ಲಿ ತಂದ ಸುಮಿಲಕ್ಸ್ 35ರಲ್ಲಿ ಹತ್ತಿರದ ಫೋಕಸ್‌ಗಾಗಿ ಹಿಂಬದಿಯ ಗಾಜಿನ ಗುಂಪು ಪ್ರತ್ಯೇಕವಾಗಿ ಸರಿಯುವ ವ್ಯವಸ್ಥೆಯಿದೆ, ಆದರೆ ಅದರ ಬೆಲೆ ನನ್ನ ಇಡೀ ಕೆಲಸದ ಸಂಭಾವನೆಯನ್ನು ಮೀರುತ್ತಿತ್ತು. ಝೈಸ್‌ನ ಡಿಸ್ಟಗಾನ್ 35 ಎಫ್ 1.4 ಅನ್ನು ಸ್ನೇಹಿತರಿಂದ ಎರವಲು ತಂದು ನೋಡಿದೆ. ಚಿತ್ರದಲ್ಲಿ ಕುಂದು ಹುಡುಕಲು ನನ್ನಿಂದಾಗಲಿಲ್ಲ. ಆದರೆ ಸುಮಾರು 380 ಗ್ರಾಂ ತೂಗುವ ಆ ಉದ್ದನೆಯ ಲೆನ್ಸ್ ವ್ಯೂಫೈಂಡರ್‌ನ ಬಲಗಡೆಯ ಕೆಳಮೂಲೆಯನ್ನು ಮರೆಮಾಡುತ್ತದೆ, ಮತ್ತು ಚೌಕಿಯಲ್ಲಿ ಬಣ್ಣದ ಬಟ್ಟಲು, ಕಡ್ಡಿ, ಬೆರಳುಗಳೆಲ್ಲ ಇರುವುದು ಹೆಚ್ಚಾಗಿ ಆ ಮೂಲೆಯಲ್ಲಿಯೇ.

ಕೊನೆಗೆ 28 ಮಿ.ಮೀ. ಎಫ್ 2 ಲೆನ್ಸಿಗೆ ಬಂದೆ. ಒಂದು ಮೀಟರ್ ದೂರದಲ್ಲಿ 35 ಮಿ.ಮೀ. ಲೆನ್ಸ್ ಎಫ್ 1.4ರಲ್ಲಿ ಸುಮಾರು 7 ಸೆಂ.ಮೀ. ಆಳವನ್ನಷ್ಟೇ ಚೂಪಾಗಿ ಹಿಡಿಯುತ್ತದೆ, 28 ಮಿ.ಮೀ. ಲೆನ್ಸ್ ಎಫ್ 2ರಲ್ಲಿ ಸುಮಾರು 15 ಸೆಂ.ಮೀ. ಹಿಡಿಯುತ್ತದೆ. ಮೂಗಿನ ತುದಿಯಿಂದ ಕಿವಿಯವರೆಗಿನ ಮುಖ ಅದರೊಳಗೆ ಕೂರುತ್ತದೆ. ಕಳೆದುಕೊಂಡ ಒಂದು ಸ್ಟಾಪ್ ಬಗ್ಗೆ ನನಗಿದ್ದ ಚಿಂತೆ ಬೇರೊಂದು ರೀತಿಯಲ್ಲಿ ಕಳೆಯಿತು. ಬಣ್ಣ ಹಚ್ಚಿಕೊಳ್ಳುವವರು ಗೆರೆ ಎಳೆಯುವ ಕ್ಷಣದಲ್ಲಿ ಉಸಿರನ್ನೇ ಹಿಡಿದಿರುತ್ತಾರೆ, ಆಗ ಕೈಯಾಗಲಿ ಮುಖವಾಗಲಿ ಅಲುಗುವುದಿಲ್ಲ. ಎತ್ತಿ ಬೀಳುವ ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಆ ಕ್ಷಣಕ್ಕೆ 1/30 ಧಾರಾಳವಾಯಿತು. ಚಿತ್ರ ಕಲಸಿಹೋಗುವುದು ಕಿರೀಟ ಬಿಗಿಯುವಾಗ, ಗೆಜ್ಜೆ ಕಟ್ಟುವಾಗ. ಅಲ್ಲಿ 1/60 ಸಹ ಸಾಲದು.

28 ಮಿ.ಮೀ. ಲೆನ್ಸಿಗೂ ಅದರದೇ ತೊಂದರೆಗಳಿವೆ. ಎಂ6ರ 0.72 ಪಟ್ಟಿನ ವ್ಯೂಫೈಂಡರ್‌ನಲ್ಲಿ 28ರ ಫ್ರೇಮ್‌ಗೆರೆಗಳು ತೀರ ಅಂಚಿನಲ್ಲಿರುವುದರಿಂದ ಕನ್ನಡಕ ಹಾಕುವ ನನಗೆ ನಾಲ್ಕೂ ಗೆರೆಗಳು ಒಟ್ಟಿಗೆ ಕಾಣುವುದಿಲ್ಲ. ಕಣ್ಣನ್ನು ಎಡಕ್ಕೂ ಬಲಕ್ಕೂ ಸರಿಸಿ ನೋಡಬೇಕು. ಫ್ರೇಮಿನ ಅಂಚಿಗೆ ಬಂದ ಮುಖ ಎಳೆದಂತಾಗುತ್ತದೆ, ಕಿರೀಟ ಧರಿಸಿದ ಮೇಲಂತೂ ಅದು ವಿಕಾರವೇ ಸರಿ. ಆದ್ದರಿಂದ ಮುಖ್ಯ ವೇಷವನ್ನು ನಡುವಿಗೆ ತಂದುಕೊಂಡು, ಅಂಚುಗಳಿಗೆ ಪೆಟ್ಟಿಗೆ, ಕನ್ನಡಿ, ತೂಗುಹಾಕಿದ ಬಟ್ಟೆಗಳನ್ನು ಬಿಡುವುದು ಅಭ್ಯಾಸವಾಯಿತು.

ಹಳೆಯ 35 ಮಿ.ಮೀ. ಲೆನ್ಸನ್ನು ಮಾರಲಿಲ್ಲ. ಅದರ ಅಪರ್ಚರ್ ಉಂಗುರದಲ್ಲಿ 2ರಿಂದ 4ರವರೆಗಿನ ಅಂಕಿಗಳ ಮೇಲೆ ಕಪ್ಪು ಟೇಪಿನ ತುಣುಕೊಂದನ್ನು ಅಂಟಿಸಿದ್ದೇನೆ. ಚೌಕಿ ಪೂಜೆಯ ಹೊತ್ತಿಗೆ, ಗಣಪತಿಯ ಮುಂದಿನ ದೀಪದ ಬೆಳಕೊಂದೇ ಮುಖಕ್ಕೆ ಬೀಳುವ ಕೆಲವು ನಿಮಿಷಗಳಲ್ಲಿ, ಅದನ್ನು ಎಫ್ 1.4ರಲ್ಲಿ ತೆರೆದಿಟ್ಟು ಬಳಸುತ್ತೇನೆ. ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುವ ಮುನ್ನ ಅದೇ ಹಿರಿಯರ ಚುಟ್ಟಿಯ ಚಿತ್ರವನ್ನು 28ರಲ್ಲಿ ಮತ್ತೊಮ್ಮೆ ತೆಗೆದುಕೊಟ್ಟೆ. ಅವರು ಪ್ರಿಂಟನ್ನು ಬಲ್ಬಿನ ಹತ್ತಿರ ಹಿಡಿದು, ಮೊದಲು ನೋಡಿದ್ದು ಕಣ್ಣನ್ನೇ.