ಬೈದರೆ ಊಟ ಸೇರುತ್ತಾ?

ಹಾಸನದಲ್ಲಿ ನಮ್ಮ ನೆಂಟರ ಮಗಳೊಬ್ಬಳಿಗೆ ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ಕಾಯಿಲೆ. ಹೈಸ್ಕೂಲು ಹುಡುಗಿ. "ಎರಡು ಏಟು ಬಿಟ್ಟರೆ ಅಕ್ಕಿರೊಟ್ಟಿ ತಾನಾಗೇ ಇಳಿಯುತ್ತೆ" ಅನ್ನುತ್ತಾರೆ ಕೆಲವರು. ಕೇಳಿ ತುಂಬಾ ಸಂಕಟವಾಯಿತು.

1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಾರ್ಮೋನು ಕಂಡುಹಿಡಿದರು. ಹಸಿವಾಗಿದೆ ಅಂತ ಹೊಟ್ಟೆಯಿಂದ ಮೆದುಳಿಗೆ ಸುದ್ದಿ ಮುಟ್ಟಿಸುವುದು ಇದೇ. ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ! ದೇಹ ಊಟ ಕೇಳುತ್ತಲೇ ಇದೆ, ಮೆದುಳು ಎಂದಿನಂತೆ ಓಗೊಡುತ್ತಿಲ್ಲ. ಹೊಟ್ಟೆ ತುಂಬಿತು, ಸಾಕು ಅನ್ನಿಸುವ ಪಿವೈವೈ ಎಂಬ ಹಾರ್ಮೋನು ಕೂಡ ಇಂಥ ಹಲವು ಹುಡುಗಿಯರಲ್ಲಿ ಹೆಚ್ಚಿರುತ್ತದೆ. ಮೈಯ ಕೊಬ್ಬು ಕರಗಿ, ಅದರಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಮುಟ್ಟು ನಿಲ್ಲುವುದಕ್ಕೆ ಅದೂ ಒಂದು ಕಾರಣ.

ಒಳಗೆ ಇಷ್ಟೆಲ್ಲ ನಡೆಯುವಾಗ ಸುಮ್ನೆ ಹಠ ಅನ್ನುವುದು ಅನ್ಯಾಯ ಅಲ್ವಾ? ದಯವಿಟ್ಟು ಬೈಯಬೇಡಿ. ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನೆಯವರೇ ಜೊತೆಗೆ ಕೂತು ಊಟ ಮಾಡಿಸುವ ಚಿಕಿತ್ಸೆಯಿಂದ ಎಷ್ಟೋ ಮಕ್ಕಳು ಚೇತರಿಸಿಕೊಂಡಿದ್ದಾರೆ.